ಊರಿನವಳು ಎಂಬ ಸರ್ಟಿಫಿಕೇಟು

ನಮ್ಮ ಕಡೆಯ ಮಕ್ಕಳಿಗೆ ಪೇಟೆಯ ಹುಚ್ಚು ಹಿಡಿಸುವವರು ಮೇ ತಿಂಗಳಲ್ಲಿ ಊರಿಗೆ ಬರುವ ನೆಂಟರು. ನಮ್ಮ ಮನೆಗೆ ಬರುತ್ತಿದ್ದವರು ಬೊಂಬಾಯಿ ಮಾವ, ಅಮ್ಮನ ದೊಡ್ಡ ಅಣ್ಣ. ಅವರು ಅಂಗಳಕ್ಕೆ ಕಾಲಿಡುವ ಮೊದಲೇ ಸೆಂಟಿನ ಪರಿಮಳ ಒಳಗೆ ಬಂದಿರುತ್ತಿತ್ತು. ಸೂಟ್‌ಕೇಸ್ ತೆರೆದರೆ ಮಾಹಿಮ್ ಹಲ್ವ, ನನಗೊಂದು ಫ್ರಾಕು, ಅಪ್ಪನಿಗೆ ಟಾರ್ಚು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅದಕ್ಕೆ ಮೊದಲು ಮಾವ ಹಗಲೂ ರಾತ್ರಿ ಬಸ್ಸಿನಲ್ಲೇ ಕೂತು ಬರುತ್ತಿದ್ದರಂತೆ. ನಾನು ಕಂಡದ್ದು ರೈಲಿನಲ್ಲಿ ಬರುವ ಮಾವನನ್ನು. "ಅಲ್ಲಿ ಕರೆಂಟು ಹೋಗುವುದೇ ಇಲ್ಲ ಮಗಾ" ಎಂದು ಅವರು ಹೇಳುತ್ತಿದ್ದರು. ಅದೊಂದು ಮಾತು ಸಾಕಾಗಿತ್ತು ನನಗೆ.

ಯಾಕೆಂದರೆ ನಮ್ಮದು ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡಕ್ಕೆ ತಾಗಿಕೊಂಡಿರುವ ಗ್ರಾಮ. ಹೆಸರು ಬೇಡ, ಓದಿದವರು ಅಮ್ಮನಿಗೆ ಫೋನು ಮಾಡುತ್ತಾರೆ. ಜೂನ್ ಬಂತೆಂದರೆ ಕರೆಂಟು ಹೋಯಿತು. ಲೈನಿನ ಮೇಲೆ ಒಂದು ಮರ ಬಿದ್ದರೆ ಲೈನ್‌ಮನ್ ಬರುವುದು ಮಳೆ ಬಿಟ್ಟ ಮೇಲೆ. ಮಳೆ ಬಿಡುವುದು ಯಾವಾಗಲೋ. ಶಾಲೆಗೆ ತೋಟದೊಳಗಿನ ದಾರಿ, ನಡುವೆ ಹೊಳೆ, ಹೊಳೆಗೊಂದು ಕಾಲುಸಂಕ. ಮೂರ್ನಾಲ್ಕು ಅಡಿಕೆ ಮರ ಒಟ್ಟಿಗೆ ಹಾಕಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ಮಳೆಗಾಲದಲ್ಲಿ ಆ ಮರಕ್ಕೆ ಪಾಚಿ ಬರುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು, ಕೊಡೆ ಕುತ್ತಿಗೆಯ ಸಂದಿಗೆ ಸಿಕ್ಕಿಸಿ, ಅಡ್ಡಡ್ಡ ಹೆಜ್ಜೆ ಹಾಕಿ ದಾಟಬೇಕು. ಕೆಳಗೆ ಮಾತ್ರ ನೋಡಬಾರದು. ನೋಡಿದರೆ ಸ್ವಲ್ಪ ಹೊತ್ತಿನಲ್ಲಿ ಕೆಂಪು ನೀರು ನಿಂತು, ಸಂಕವೇ ಮೇಲಕ್ಕೆ ಓಡಲು ಶುರು ಮಾಡುತ್ತದೆ. ನಾನು ಆಚೆ ಮುಟ್ಟುವವರೆಗೆ ಅಮ್ಮ ಈಚೆ ದಡದಲ್ಲಿ ನಿಂತಿರುತ್ತಿದ್ದರು. ದಾಟಿ ಕಾಲು ನೋಡಿಕೊಂಡರೆ ಬೆರಳ ಸಂದಿಯಲ್ಲಿ ಉಂಬಳ. ಕೆಲವು ಸಲ ಕ್ಲಾಸಿನಲ್ಲಿ ಕೂತು, ಪಕ್ಕದವಳು ರಕ್ತ ತೋರಿಸಿದ ಮೇಲೆಯೇ ಗೊತ್ತಾಗುತ್ತಿತ್ತು.

ಹಾಗಾಗಿ ನನ್ನ ಕನಸು ದೊಡ್ಡದೇನೂ ಇರಲಿಲ್ಲ. ಟೀಚರ್ ಕೇಳಿದರೆ ಎಲ್ಲರ ಹಾಗೆ "ಡಾಕ್ಟರ್" ಅನ್ನುತ್ತಿದ್ದೆ. ಒಳಗಿನ ಆಸೆ ಬೇರೆ. ಚಪ್ಪಲಿ ಕಾಲಲ್ಲಿ ಇಟ್ಟುಕೊಂಡೇ ಶಾಲೆಗೆ ಮುಟ್ಟಬೇಕು. ಬೀದಿ ದೀಪದ ಕೆಳಗೆ ನಡೆಯಬೇಕು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಇರಬೇಕು.

ಬಸ್ಸು ಎಂದರೆ ನಮಗೆ ಹಾಲ್ಟ್ ಬಸ್ಸು. ಸಂಜೆ ಮಂಗಳೂರಿನಿಂದ ಹೊರಟು, ರಾತ್ರಿ ನಮ್ಮೂರ ಅಂಗಡಿಯ ಎದುರು ನಿಂತು, ಬೆಳಕು ಹರಿಯುವ ಮೊದಲು ವಾಪಸ್ ಹೊರಡುವ ಖಾಸಗಿ ಬಸ್ಸು. ಡ್ರೈವರು, ಕಂಡಕ್ಟರು ಅದರಲ್ಲೇ ಮಲಗುತ್ತಿದ್ದರು. ಅಪ್ಪನ ಜೊತೆ ಸಾಮಾನಿಗೆ ಹೋದಾಗೆಲ್ಲ ನಾನು ಅದರ ಬೋರ್ಡು ಓದುತ್ತಿದ್ದೆ. ಬೆಳ್ತಂಗಡಿ, ಗುರುವಾಯನಕೆರೆ, ಮಡಂತ್ಯಾರು, ಬಿ.ಸಿ.ರೋಡ್, ಮಂಗಳೂರು. ಮಗ್ಗಿಗಿಂತ ಮೊದಲು ಬಾಯಿಪಾಠವಾದದ್ದು ಇದು. ಒಳಗೆ ಹತ್ತಿದರೆ ಮೀನಿನ ಬುಟ್ಟಿ ಇಟ್ಟ ವಾಸನೆ, ಸೀಟಿನ ಕೆಳಗೆ ಹರಿದ ಟಿಕೆಟುಗಳು. ಅವನ್ನು ಹೆಕ್ಕಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. "ಬರ್ತೀಯಾ ಬೆಳಿಗ್ಗೆ? ನಿಂಗೆ ಅರ್ಧ ಟಿಕೆಟ್ ಸಾಕು" ಎಂದು ಕಂಡಕ್ಟರಣ್ಣ ತಮಾಷೆ ಮಾಡುತ್ತಿದ್ದರು. ಬೊಂಬಾಯಿ ಪೇಟೆ ಮಾವನಿಗಾಯಿತು. ನನ್ನ ಪೇಟೆ ಮಂಗಳೂರು ಎಂದು ತೀರ್ಮಾನವಾದದ್ದು ಈ ಬಸ್ಸಿನಿಂದ.

ಶಾಲಾ ಪ್ರವಾಸದಲ್ಲಿ ಒಮ್ಮೆ ಪಿಲಿಕುಳ, ಪಣಂಬೂರು ನೋಡಿದೆವು. ಸಮುದ್ರ ನೋಡಿ ಎಲ್ಲರೂ ಕಿರುಚಿದರು. ನಾನು ದಾರಿಯುದ್ದಕ್ಕೂ ಬೀದಿ ದೀಪ ಎಣಿಸುತ್ತಿದ್ದೆ. ಹಗಲಾದ್ದರಿಂದ ಒಂದೂ ಉರಿಯುತ್ತಿರಲಿಲ್ಲ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಆಮೇಲೆ ಪಿಯುಸಿ ಸೈನ್ಸ್, ತಾಲೂಕು ಕೇಂದ್ರದಲ್ಲಿ, ಪೂರಾ ಇಂಗ್ಲಿಷ್. ಆ ಎರಡು ವರ್ಷದ ಬಗ್ಗೆ ಹೇಳಲಿಕ್ಕೆ ಜಾಸ್ತಿ ಏನಿಲ್ಲ. ಅರ್ಥವಾಗದ್ದನ್ನು ಉರು ಹೊಡೆದೆ, ಅರ್ಥವಾದದ್ದನ್ನೂ ಉರು ಹೊಡೆದೆ. ಇಂಜಿನಿಯರಿಂಗ್ ಸೀಟಿಗಾಗಿ ಸಿಇಟಿ ಪ್ರವೇಶ ಪರೀಕ್ಷೆ ಬರೆದೆ.

ನಿಜವಾದ ಪರೀಕ್ಷೆ ಶುರುವಾದದ್ದು ಅದರ ನಂತರ, ಕಾಗದಪತ್ರದ್ದು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಉಂಟು. ಅದು ಸಿಗಬೇಕಾದರೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಒಂದು ಸರ್ಟಿಫಿಕೇಟು, ಕನ್ನಡದಲ್ಲಿ ಓದಿದ್ದಕ್ಕೆ ಇನ್ನೊಂದು. ಹೆಡ್‌ಮಾಷ್ಟ್ರು ಬರೆದುಕೊಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಆಗಬೇಕು. ಒಂದು ವರ್ಷ ಪೇಟೆ ಶಾಲೆಯಲ್ಲಿ ಕೂತಿದ್ದರೂ ಮುಗಿಯಿತು. ಐದನೇ ಕ್ಲಾಸಿನಲ್ಲಿ ನಾನು ಮಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ನಿಂತು ಓದುತ್ತೇನೆ ಎಂದು ಊಟ ಬಿಟ್ಟು ಹಠ ಹಿಡಿದಿದ್ದೆ. ಅಪ್ಪ ಒಪ್ಪಿರಲಿಲ್ಲ. ಅವತ್ತು ಒಪ್ಪಿದ್ದರೆ ಈ ಕಾಗದ ಸಿಗುತ್ತಿರಲಿಲ್ಲ. ಪೇಟೆಗೆ ಹೋಗಲು ನನ್ನ ಕೈಯಲ್ಲಿದ್ದ ಗಟ್ಟಿ ಆಧಾರ ಎಂದರೆ ಹತ್ತು ವರ್ಷ ಆ ಸಂಕ ದಾಟಿದ್ದು!

ಪ್ರಾಥಮಿಕ ಶಾಲೆಯ ಹೆಡ್‌ಮಾಷ್ಟ್ರು ಬೀರುವಿನಿಂದ ದಾಖಲಾತಿ ಪುಸ್ತಕ ತೆಗೆದರು. ಬಟ್ಟೆಯ ಬೈಂಡಿನ ದೊಡ್ಡ ಪುಸ್ತಕ, ಅಂಚಿನಲ್ಲಿ ಗೆದ್ದಲು ತಿಂದ ಗುರುತು. ಬೆರಳು ಇಳಿಸುತ್ತಾ ಹೋಗಿ ನನ್ನ ಹೆಸರಿನ ಮೇಲೆ ನಿಲ್ಲಿಸಿದರು.

"ಜೂನ್ ಒಂದಕ್ಕೆ ಹುಟ್ಟಿದ್ದಾ ನೀನು?"

"ಅಲ್ಲ ಸರ್, ಆಟಿ ತಿಂಗಳಲ್ಲಿ ಅಂತೆ."

ಅವರು ನಕ್ಕರು. ನನ್ನ ಮೇಲೆ ಕೆಳಗೆ ಇದ್ದ ಹೆಸರುಗಳನ್ನು ತೋರಿಸಿದರು. ನಮ್ಮ ಕ್ಲಾಸಿನ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸಿದ ಮಾಷ್ಟ್ರು ಬರೆದುಕೊಂಡದ್ದೇ ಹುಟ್ಟಿದ ದಿನ. ಅಲ್ಲಿ ತೊಂದರೆ ಆಗಲಿಲ್ಲ. ಪೆನ್ನು ಸರಿ ಇಲ್ಲ ಎಂದು ಬೇರೆ ಪೆನ್ನು ತರಿಸಿ, ಚಂದದ ಅಕ್ಷರದಲ್ಲಿ ಬರೆದು ಸೀಲು ಒತ್ತಿಕೊಟ್ಟರು. "ಇಂಜಿನಿಯರ್ ಆದ ಮೇಲೆ ಈ ಶಾಲೆಯ ಮಾಡು ಸೋರುವುದನ್ನು ನೋಡು" ಎಂದರು.

ತೊಂದರೆ ಆದದ್ದು ಅಪ್ಪನ ಹೆಸರಿನಿಂದ. ಶಾಲೆಯ ದಾಖಲೆಯಲ್ಲಿ ಬರೀ ಹೆಸರು, ರೇಷನ್ ಕಾರ್ಡಿನಲ್ಲಿ ಹೆಸರಿನ ಜೊತೆ ಪೂಜಾರಿ. ಜಾತಿ ಆದಾಯದ ಸರ್ಟಿಫಿಕೇಟು ಬೇಕಾಗಿದ್ದ ಕಚೇರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಇವರು ಅವರೇ ಅಂತ ಹೇಗೆ ಹೇಳುವುದು?" ಎಂದು ಕೇಳಿದರು. ಅಪ್ಪ ಎದುರಿಗೇ ನಿಂತಿದ್ದರು. ಕೆಲಸ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ತಾನು ತಾನೇ ಎಂದು ಅವರು ನೋಟರಿಯ ಹತ್ತಿರ ಬಾಂಡ್ ಪೇಪರಿನಲ್ಲಿ ಬರೆಸಿಕೊಂಡು ಬರಬೇಕಾಯಿತು. ಬರುವಾಗ ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ್ದು: "ನಾನು ಯಾರೆಂದು ನನ್ನಲ್ಲಿ ಯಾರೂ ಕೇಳಲೇ ಇಲ್ಲ ಅಲ್ವಾ."

ಅಮ್ಮನ ಕಾಗದ ಮಾತ್ರ ಎಲ್ಲವೂ ಸರಿ ಇತ್ತು. ಅವರು ಬೀಡಿ ಕಟ್ಟುತ್ತಾರೆ. ದಕ್ಷಿಣ ಕನ್ನಡದಲ್ಲಿ ಎಷ್ಟು ಮಕ್ಕಳ ಶಾಲೆಯ ಖರ್ಚು ಬೀಡಿಯಿಂದ ಹುಟ್ಟಿದೆ ಎಂದು ಲೆಕ್ಕ ಇಟ್ಟವರಿಲ್ಲ. ಅಮ್ಮನ ಮಡಿಲಲ್ಲಿ ಯಾವಾಗಲೂ ತಡ್ಪೆ, ಅಂದರೆ ಮೊರ. ಕತ್ತರಿಸಿದ ಎಲೆ, ಚಿಟಿಕೆ ಹೊಗೆಸೊಪ್ಪು, ಸುತ್ತಿ, ತುದಿ ಮಡಚಿ, ನೂಲು. ಕೈ ನೋಡದೆ ಕಟ್ಟುತ್ತಾರೆ, ಧಾರಾವಾಹಿ ನೋಡುತ್ತಾ ಕಟ್ಟುತ್ತಾರೆ. ಬ್ರಾಂಚಿಗೆ ಕೊಟ್ಟ ಲೆಕ್ಕದ ಪುಸ್ತಕ, ಪಿಎಫ್ ನಂಬರು, ಗುರುತಿನ ಚೀಟಿ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದರು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಸ್ಕಾಲರ್‌ಶಿಪ್ ಇದೆ, ಅದಕ್ಕೆ ಬೇಕಾದ್ದು ಇದೇ. ಅರ್ಜಿ ಹಾಕಿದೆವು. ದುಡ್ಡು ಬಂದದ್ದು ಫೀಸು ಕಟ್ಟಿ, ಮೊದಲ ಪರೀಕ್ಷೆಯೂ ಮುಗಿದ ಮೇಲೆ. ಅಲ್ಲಿಯವರೆಗೆ ಅಮ್ಮನ ಸರ ಸೊಸೈಟಿಯಲ್ಲಿ ಅಡವಿಗೆ ಕೂತಿತು.

ರ‍್ಯಾಂಕ್ ನೋಡಿದ್ದು ಗುಡ್ಡದ ಮೇಲೆ. ನಮ್ಮ ಮನೆಯಲ್ಲಿ ಮೊಬೈಲಿಗೆ ರೇಂಜ್ ಇರಲಿಲ್ಲ. ಗೇರುಮರದ ಹತ್ತಿರ ಒಂದು ಬಂಡೆ ಇದೆ, ಅಲ್ಲಿ ನಿಂತು ಕೈ ಎತ್ತಿದರೆ ಬರುತ್ತಿತ್ತು. ಕಾಲೇಜು ಆಯ್ಕೆ ಮಾಡಲು ಉಜಿರೆಯ ಸೈಬರ್‌ಗೆ ಹೋದೆವು. ಯಾವ ಸೀಟು ಸಿಗಬಹುದೆಂದು ಮುಂಚೆಯೇ ತೋರಿಸುವ ಅಣಕು ಹಂಚಿಕೆಯಲ್ಲಿ ಮೊದಲು ಬೆಂಗಳೂರಿನ ಒಂದು ಕಾಲೇಜು ಬಂತು. ನನಗೆ ಎದೆ ಹೊಡೆದುಕೊಂಡಿತು. ಅಮ್ಮನಿಗೆ ಬೆಂಗಳೂರಿನ ಹೆಸರು ಕೇಳಿಯೇ ಆಗಲಿಲ್ಲ. "ಹಾಲ್ಟ್ ಬಸ್ಸು ಎಲ್ಲಿಗೆ ಹೋಗ್ತದೋ ಅಲ್ಲಿಗೆ ಹೋಗು" ಎಂದರು. ಆಯ್ಕೆಯ ಪಟ್ಟಿ ಬದಲಾಯಿಸಿದೆ. ಕೊನೆಗೆ ಸಿಕ್ಕಿದ್ದು ಮಂಗಳೂರಿನಲ್ಲಿ ಸಿವಿಲ್. ಸಂಕ ದಾಟಿ ಬೆಳೆದ ಹುಡುಗಿ ಸೇತುವೆ ಕಟ್ಟಲು ಹೊರಟಳು ಎಂದು ಈಗಲೂ ಕೆಲವರು ಹೇಳುವುದುಂಟು. ಹಾಗೇನೂ ಇಲ್ಲ. ಕಂಪ್ಯೂಟರ್ ಸೈನ್ಸಿಗೆ ನನ್ನ ರ‍್ಯಾಂಕ್ ಸಾಕಾಗಲಿಲ್ಲ, ಅಷ್ಟೇ.

ಆ ಸಲ ಮಾವ ಊರಲ್ಲೇ ಇದ್ದರು. ವಯಸ್ಸಾಗಿತ್ತು, ಹೋಟೆಲಿನ ಕೆಲಸ ಬಿಟ್ಟು ವಾಪಸ್ ಬಂದಿದ್ದರು. ನಾನು ಹೊರಡುವ ಹಿಂದಿನ ರಾತ್ರಿ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅವರು ಹಳೆಯ ಸುದ್ದಿ ತೆಗೆದರು. ಹದಿಮೂರು ವರ್ಷಕ್ಕೆ ಮನೆ ಬಿಟ್ಟದ್ದು. ಲೋಟ ತೊಳೆಯುವ ಕೆಲಸ. ಹೋಟೆಲು ಮುಚ್ಚಿದ ಮೇಲೆ ಮೇಜು ಒರೆಸಿ ಅದರ ಮೇಲೆಯೇ ಮಲಗುವುದು. ಮಧ್ಯೆ ಕನ್ನಡದ ರಾತ್ರಿ ಶಾಲೆಗೂ ಹೋಗಿದ್ದರು. ನಮ್ಮ ಜಿಲ್ಲೆಯ ಎಷ್ಟೋ ಹೋಟೆಲ್ ಹುಡುಗರು ಮುಂಬೈಯಲ್ಲಿ ಅಕ್ಷರ ಕಲಿತದ್ದು ಹಾಗೆಯೇ.

"ಕರೆಂಟು ಹೋಗುವುದಿಲ್ಲ ಅಂತ ಹೇಳ್ತಿದ್ರಲ್ಲ ಮಾವ?" ಎಂದೆ.

"ಅದು ಸುಳ್ಳಲ್ಲ. ರಾತ್ರಿಯಿಡೀ ಲೈಟು ಉರೀತಿತ್ತು. ಅದರಲ್ಲಿ ನಿದ್ದೆ ಬರ್ತಿರಲಿಲ್ಲ."

ಬೆಳಿಗ್ಗೆ ಹಾಲ್ಟ್ ಬಸ್ಸಿನಲ್ಲಿ ಹೊರಟೆ. ಟಿಕೆಟಿನ ದುಡ್ಡು ಅಪ್ಪ ಕೊಟ್ಟರು, ಫುಲ್ಲು.

ಪೇಟೆ ಎಂದುಕೊಂಡು ಬಂದರೆ ಕಾಲೇಜು ಇದ್ದದ್ದು ನಗರದ ಹೊರಗೆ, ಗುಡ್ಡದ ಮೇಲೆ. ಸುತ್ತಲೂ ಮುರಕಲ್ಲು, ಗೇರು, ರಬ್ಬರು. ಮೊದಲ ದಿನ ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಪುಣ್ಯಕ್ಕೆ ಹಾಸ್ಟೆಲು ನಗರದ ಒಳಗಿತ್ತು. ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣದಲ್ಲಿ ಸಿಟಿ ಬಸ್ಸುಗಳು ಒಂದರ ಹಿಂದೆ ಒಂದು. "ಜ್ಯೋತಿ, ಜ್ಯೋತಿ, ಕಂಕನಾಡಿ, ಪಂಪ್‌ವೆಲ್" ಎಂದು ಕಂಡಕ್ಟರುಗಳು ಕೂಗುವುದು. ಶುರುವಿನ ದಿನಗಳಲ್ಲಿ ನಾನು ಬೇಕೆಂದೇ ಒಂದು ಬಸ್ಸು ಬಿಟ್ಟುಬಿಡುತ್ತಿದ್ದೆ. ಎರಡು ನಿಮಿಷದಲ್ಲಿ ಇನ್ನೊಂದು ಬರುತ್ತಿತ್ತು. ಅದನ್ನೂ ಬಿಡುತ್ತಿದ್ದೆ. ಮತ್ತೊಂದು ಬರುತ್ತಿತ್ತು. ಯಾರಿಗೂ ಹೇಳಲಾಗದ ಖುಷಿ ಅದು. ಸಮುದ್ರ, ಮಾಲ್, ಐಸ್‌ಕ್ರೀಮು ಯಾವುದೂ ಅದರ ಹತ್ತಿರ ಬರಲಿಲ್ಲ.

ಪಂಪ್‌ವೆಲ್‌ನಲ್ಲಿ ಮೇಲ್ಸೇತುವೆಯ ಕೆಲಸ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದು ಗೌರವಕ್ಕೆ. ಸಿವಿಲ್ ಮಕ್ಕಳಿಗೆ ಅದೊಂದು ಬಿಟ್ಟಿ ಪಾಠ. ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಅದೇ ಗುಂಡಿ ನೋಡುತ್ತಾ ಹೋಗಿ ಬಂದೆವು. 2018ರಲ್ಲಿ ನಮ್ಮ ಕೋರ್ಸು ಮುಗಿಯಿತು, ಸೇತುವೆ ಮುಗಿಯಲಿಲ್ಲ. ಅದು ಉದ್ಘಾಟನೆ ಆದದ್ದು 2020ರ ಜನವರಿ ಕೊನೆಗೆ.

ಹಾಸ್ಟೆಲಿನಲ್ಲಿ ಬೆಳ್ತಿಗೆ ಅನ್ನ. ಕುಚ್ಚಲಕ್ಕಿ ತಿಂದು ಬೆಳೆದ ಹೊಟ್ಟೆಗೆ ಅದು ಊಟ ಅನ್ನಿಸಲಿಕ್ಕೆ ಸಮಯ ಹಿಡಿಯಿತು. ತುಳು ಮಾತಾಡುವವರು ಬೇಕಾದಷ್ಟು ಇದ್ದರು, ಆದರೆ ಅವರ ತುಳುವಿನಲ್ಲಿ ಅರ್ಧ ಇಂಗ್ಲಿಷ್. ನಾನು ಎಲ್ಲಿಯವಳೆಂದು ಗೊತ್ತಾದ ಕೂಡಲೇ ರೂಮಿನವರು ಕೇಳಿದ್ದು: "ನಿಮ್ಮಲ್ಲಿ ಆನೆ ಬರ್ತದಾ?" ಬರುತ್ತದೆ ಎಂದೆ. ಬರುವುದು ಹೌದು, ಬಾಳೆತೋಟಕ್ಕೆ. ಅವರ ಮುಖ ನೋಡಿ ಸ್ವಲ್ಪ ಅಂಗಳದವರೆಗೂ ಬರಿಸಿದೆ. ಅಲ್ಲಿಂದ ಹಾಸ್ಟೆಲಿನಲ್ಲಿ ನನಗೊಂದು ಸ್ಥಾನ ಸಿಕ್ಕಿತು. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹೆದರುತ್ತಿದ್ದವಳು ಆನೆಯ ಕಥೆಯನ್ನು ಇಂಗ್ಲಿಷಿನಲ್ಲೇ ಹೇಳತೊಡಗಿದೆ.

2016ರ ಬೇಸಿಗೆ ನೆನಪಿದೆಯಾ? ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಆ ವರ್ಷ ಅದು ತಳ ಕಂಡಿತು. ನಲ್ಲಿಯಲ್ಲಿ ಗಾಳಿ ಬಂತು. ಟ್ಯಾಂಕರು ಬಂದಾಗ ಬಕೆಟು ಹಿಡಿದು ಮೆಟ್ಟಿಲಲ್ಲಿ ಸಾಲು. ತಲೆಗೆ ಸ್ನಾನ ಮಾಡುವ ಹಾಗಿಲ್ಲ ಎಂದು ನೋಟಿಸು ಹಾಕಿದರು. ಕೊನೆಗೆ ಹಲವು ಕಾಲೇಜು, ಹಾಸ್ಟೆಲುಗಳು ಮಕ್ಕಳನ್ನು ಮನೆಗೆ ಕಳಿಸಿದವು. ನಾವೂ ಗಂಟುಮೂಟೆ ಕಟ್ಟಿದೆವು. ಮನೆಯಲ್ಲಿ ಗುಡ್ಡದಿಂದ ಇಳಿಸಿದ ಪೈಪಿನಲ್ಲಿ ನೀರು ಸಣ್ಣಗೆ ಬೀಳುತ್ತಲೇ ಇತ್ತು. ನಮ್ಮ ಸಂಕದ ಕೆಳಗಿನ ಹೊಳೆ ಮುಂದೆ ಹೋಗಿ ನೇತ್ರಾವತಿಗೆ ಸೇರುತ್ತದೆ, ನೇತ್ರಾವತಿ ತುಂಬೆಗೆ, ತುಂಬೆಯಿಂದ ನಮ್ಮ ಹಾಸ್ಟೆಲಿನ ನಲ್ಲಿಗೆ. ಈ ಲೆಕ್ಕವನ್ನು ಅಪ್ಪನಿಗೆ ವಿವರಿಸಿ ಹೇಳಿದೆ. "ಹಾಗಾದರೆ ಇಲ್ಲಿಯೇ ಕುಡಿ, ತಣ್ಣಗೆ ಉಂಟು" ಎಂದರು.

ಅದೇ ವರ್ಷ ಮಳೆಗಾಲದಲ್ಲಿ ರೂಮಿನವರು ನಮ್ಮೂರು ನೋಡಬೇಕೆಂದು ಹೊರಟರು. ಜಲಪಾತ, ಮಂಜು, ಆನೆ. ಬೇಡ ಎಂದರೂ ಕೇಳಲಿಲ್ಲ. ಬಂದವರು ಜಲಪಾತಕ್ಕಿಂತ ಜಾಸ್ತಿ ಹೊತ್ತು ನಿಂತದ್ದು ಕಾಲುಸಂಕದ ಮೇಲೆ. ಒಬ್ಬಳು ಕೂತು, ಒಬ್ಬಳು ಕೊಡೆ ಬಿಚ್ಚಿ, ಒಬ್ಬಳು ಕೂದಲು ಬಿಟ್ಟು ಫೋಟೋ. "ನೀನು ದಿನಾ ಇದರಲ್ಲಿ ಹೋಗ್ತಿದ್ದದ್ದಾ? ಲಕ್ಕಿ ಮಾರಾಯ್ತಿ" ಎಂದಳು ಕೇರಳದ ಕಡೆಯವಳು, ಅಲ್ಪಸ್ವಲ್ಪ ಕಲಿತ ಕನ್ನಡದಲ್ಲಿ. ನನಗೆ ಸಿಟ್ಟು ಬಂತು, ಆದರೆ ಫೋಟೋ ತೆಗೆದದ್ದೂ ನಾನೇ. ಅಷ್ಟರಲ್ಲಿ ಒಬ್ಬಳ ಕಾಲಿಗೆ ಉಂಬಳ ಹತ್ತಿ ದೊಡ್ಡ ಗಲಾಟೆ. ಅಮ್ಮ ಸುಣ್ಣದ ಡಬ್ಬಿ ಹಿಡಿದು ಓಡಿ ಬಂದರು. ಉಂಬಳ ಬಿಡಿಸಿ, ಮಳೆಯಲ್ಲಿ ನೆನೆದ ನಾಲ್ಕೂ ಜನರನ್ನು ನೋಡಿ ನನ್ನ ಕಿವಿಯಲ್ಲಿ ಕೇಳಿದರು, "ಇದನ್ನು ನೋಡ್ಲಿಕ್ಕೆ ಇವರು ಅಷ್ಟು ದೂರದಿಂದ ಬಂದದ್ದಾ?"

ಆ ಫೋಟೋ ಈಗಲೂ ಒಬ್ಬಳ ಪ್ರೊಫೈಲಿನಲ್ಲಿದೆ. ಸಂಕ ಇಲ್ಲ. 2019ರ ಆಗಸ್ಟಿನ ನೆರೆಯಲ್ಲಿ ಚಾರ್ಮಾಡಿ ಸುತ್ತಿನ ಹೊಳೆಗಳೆಲ್ಲ ದಾರಿ ತಪ್ಪಿ ತೋಟಗಳಿಗೆ ನುಗ್ಗಿದವಲ್ಲ, ಅದರಲ್ಲಿ ಹೋಯಿತು. ನಮ್ಮ ಕೆಳಗಿನ ತೋಟದಲ್ಲಿ ಅಡಿಕೆ ಮರದ ಅರ್ಧದವರೆಗೆ ಮರಳು, ಎಲ್ಲಿಂದಲೋ ಬಂದ ಮರದ ದಿಮ್ಮಿಗಳು. ನಾನು ಆಗ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ರಸ್ತೆ ತೆರೆದ ಮೇಲೆ ಹೋಗಿ ನೋಡಿದೆ. ಆಮೇಲೆ ಅದೇ ಜಾಗದಲ್ಲಿ ಕಾಂಕ್ರೀಟಿನ ಕಿರುಸೇತುವೆ ಬಂತು. ನಾನು ಕಟ್ಟಿದ್ದಲ್ಲ, ಯಾರೋ ಕಂಟ್ರಾಕ್ಟರ್. ಕೆಲಸ ಸುಮಾರಾಗಿದೆ.

ಸೇತುವೆ ಬಂದ ಮೇಲೆ ಈಚೆ ದಡಕ್ಕೆ ಹಳದಿ ವ್ಯಾನು ಬರಲು ಶುರುವಾಯಿತು, ತಾಲೂಕು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯದ್ದು. ಅಣ್ಣನ ಮಗಳನ್ನು ಈ ವರ್ಷ ಒಂದನೇ ಕ್ಲಾಸಿಗೆ ಸೇರಿಸಬೇಕು. ಕಳೆದ ಸಲ ಊರಿಗೆ ಹೋದಾಗ ಅತ್ತಿಗೆಯ ಹತ್ತಿರ ಹೇಳಿದೆ, ಹತ್ತು ವರ್ಷ ಇಲ್ಲೇ ಕನ್ನಡ ಶಾಲೆಗೆ ಹೋದರೆ ಆ ಎರಡು ಸರ್ಟಿಫಿಕೇಟು ಸಿಗುತ್ತದೆ, ಪೇಟೆಗೆ ಹಾಕಿದರೆ ಎರಡೂ ಹೋಯಿತು ಎಂದು. ನಾನು ಕಲಿತ ಶಾಲೆಯಲ್ಲಿ ಈಗ ಒಂದನೇ ಕ್ಲಾಸಿಗೆ ಮಕ್ಕಳೇ ಸಿಗುವುದಿಲ್ಲ. ಮಾಡು ಮಾತ್ರ ರಿಪೇರಿಯಾಗಿದೆ.

"ಒಂದು ಕಾಗದ ಸಿಗ್ತದೆ ಅಂತ ಹತ್ತು ವರ್ಷ ಒಬ್ಬಳನ್ನೇ ಬೆಂಚಿನಲ್ಲಿ ಕೂರಿಸುವುದಾ? ನಾಳೆ ನಿನ್ನ ಮಕ್ಕಳನ್ನು ಮಂಗಳೂರಲ್ಲಿ ಯಾವ ಶಾಲೆಗೆ ಹಾಕ್ತಿ, ನಾನೂ ನೋಡ್ತೇನೆ" ಎಂದರು ಅತ್ತಿಗೆ.

ಮಗು ನಡುವೆ ಬಾಯಿ ಹಾಕಿತು. "ಅತ್ತೆ, ಬೆಂಗಳೂರಲ್ಲಿ ವ್ಯಾನು ಮನೆ ಬಾಗಿಲಿಗೇ ಬರ್ತದಂತೆ, ಹೌದಾ?"

ಅಣ್ಣ ಏನೂ ಹೇಳಲಿಲ್ಲ. ಜೂನ್‌ನಿಂದ ವ್ಯಾನಿಗೆ ತಿಂಗಳಿಗೆ ಎಷ್ಟು ಎಂದು ಅವನು ಆಗಲೇ ಕೇಳಿಕೊಂಡು ಬಂದಿದ್ದ.